ಹಿಂದಿನ ರಟ್ಟಿನ ಮೂಲೆ

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದಿನ ಅಕ್ಕನಿಗೆ,

ನಿನ್ನ ಗುಂಡಮ್ಮನ ನಮಸ್ಕಾರ. ಈಗ ನೋಡಿದರೆ ಆ ಹೆಸರಿಟ್ಟದ್ದಕ್ಕೆ ನೀನೇ ನಗುತ್ತೀಯ, ಅಷ್ಟು ಸೊರಗಿದ್ದೇನೆ. ಈ ಕಾಗದ ನಿನ್ನ ಕೈಲಿದ್ದರೆ, ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಅಂಟಿಸಿದ ಹಾಳೆಯ ಮೂಲೆ ಎದ್ದಿರುವುದನ್ನು ನೋಡಿ ಎಳೆದಿದ್ದೀಯ. ಸದ್ಯ, ಬದುಕಿದೆ.

ಇದು ಮೂರನೆಯ ಕಾಗದ. ನೋಟ್‌ಬುಕ್ಕಿನ ಹೊಸ ರಟ್ಟಿಗೆ ಚಿತ್ರ ಬರೆದಾಗಲೆಲ್ಲ ಇವರು ನಿನಗೊಂದು ಪ್ರತಿ ಕಳಿಸುತ್ತಾರಲ್ಲ, ಹಳೆಯ ಕಾವ್ಯಗಳ ಪ್ರೇಮಿಗಳು, ಒಬ್ಬಳು ಹೊಳೆಗೆ ಹಾರುತ್ತಾಳೆ, ಒಬ್ಬ ಗೋಡೆ ಹತ್ತುತ್ತಾನೆ. ಹಿಂದಿನ ಎರಡರಲ್ಲೂ ಹಾಳೆಯಡಿ ಕಾಗದ ಇಟ್ಟಿದ್ದೆ, ನಿನಗೆ ಕಾಣಲೇ ಇಲ್ಲ. ಏನು ಮಾಡಲಿ, ಕೈಗೆ ಅಭ್ಯಾಸ. ಅಂಟು ಹಚ್ಚಿ, ತೀಡಿ, ಭಾರದಡಿ ಒತ್ತಿಟ್ಟು, ಒಂದು ಗಾಳಿಗುಳ್ಳೆಯೂ ಇಲ್ಲದಂತೆ ಕೂರಿಸಿಬಿಟ್ಟೆ. ನೀನು ಫೋನ್ ಮಾಡಿ ಏನು ಅಚ್ಚುಕಟ್ಟು ಅಂತ ಹೊಗಳಿದೆ. ಸ್ಪೀಕರ್ ಹಾಕಿಕೊಂಡಿದ್ದ ಇವರು ನನ್ನ ಬೆನ್ನು ತಟ್ಟಿದರು. ನನಗೆ ಅಳು ಬಂತು. ಹೊಗಳಿಕೆಗೆ ಕಣ್ತುಂಬಿಕೊಂಡಳು ಅಂತ ನಿನಗೆ ಹೇಳಿದರು.

ಈ ಸಲ ಮೂಲೆಗೆ ಅಂಟು ಹಚ್ಚಿಲ್ಲ. ತಮ್ಮ ಚಿತ್ರವಿರುವ ಮುಂದಿನ ರಟ್ಟು ಬಿಟ್ಟರೆ ಇವರಿಗೆ ಬೇರೇನೂ ಕಾಣುವುದಿಲ್ಲ.

ನಿನ್ನ ಮಾತು ಮೀರಿ ಓಡಿಬಂದವಳು ನಾನು. ಇಷ್ಟು ಪ್ರೀತಿಸುವವರು ಯಾರು ಸಿಗುತ್ತಾರೆ ಅಂತ ನಿನ್ನ ಮುಖಕ್ಕೆ ಹೊಡೆದಂತೆ ಕೇಳಿದ್ದೆ. ಆ ಪ್ರೀತಿ ಈಗಲೂ ಇದೆ, ಅದೇ ಕಷ್ಟ. ನೀನಿಲ್ಲದೆ ಬದುಕಲಾರೆ ಅನ್ನುತ್ತಲೇ ಬೈಂಡಿಂಗ್ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಾರೆ. ಕಿಟಕಿಗೆ ರಟ್ಟು ಹೊಡೆದಿದ್ದಾರೆ, ಬಿಸಿಲಿಗೆ ಬಣ್ಣ ಮಾಸುತ್ತದಂತೆ. ಬೀದಿ ನೋಡಿ ಏಳು ತಿಂಗಳಾಯಿತು. ಕೈ ಮಾತ್ರ ಎತ್ತುವುದಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ.

ಪ್ರತಿ ಗುರುವಾರ ಹತ್ತಕ್ಕೆ ಮುದ್ರಣಾಲಯಕ್ಕೆ ಹೋದರೆ ಇವರು ಬರುವುದು ಒಂದಕ್ಕೆ. ಬೀದಿ ಬಾಗಿಲ ಬೀಗದ ಕೈ ಹೊರಗಿನ ಮೀಟರ್ ಪೆಟ್ಟಿಗೆಯ ಮೇಲಿರುತ್ತದೆ. ನನ್ನ ಕೋಣೆಯ ಚಿಲಕಕ್ಕೆ ಬೀಗವಿಲ್ಲ, ಎಳೆದರೆ ಸಾಕು. ಬಾ ಅಕ್ಕ. ಅವತ್ತೇ ಹೇಳಿರಲಿಲ್ಲವಾ ಅಂತ ದಾರಿಯುದ್ದಕ್ಕೂ ಹಂಗಿಸು, ಕೇಳಿಸಿಕೊಳ್ಳುತ್ತೇನೆ.

ನಿನ್ನ ತಂಗಿ,
ಗುಂಡಮ್ಮ

ತಾ.ಕ.: ಓದಿದೆ ಅಂತ ನನಗೆ ತಿಳಿಯಬೇಕಲ್ಲ. ಫೋನ್ ಮಾಡಿ, ಹೊಲಿಗೆ ಬಿಟ್ಟುಹೋಗಿದೆ ಅಂತ ಇವರಿಗೆ ದೂರು ಹೇಳು. ಮೂಲೆಯ ಸುದ್ದಿ ಎತ್ತಬೇಡ. ಚಿತ್ರವನ್ನಂತೂ ಹೊಗಳು, ಇಲ್ಲದಿದ್ದರೆ ಮುನಿದು ಊಟ ಬಿಡುತ್ತಾರೆ. ಅವತ್ತು ನನಗೆ ಬೈಗುಳ ತಪ್ಪಿದ್ದಲ್ಲ, ಏಟೂ ಬೀಳಬಹುದು. ಬೀಳಲಿ. ನಾನು ಹಾಕಿದ ಹೊಲಿಗೆ ಬಿಡುವುದಿಲ್ಲ ಅಂತ ನನಗೆ ಗೊತ್ತು. ಬೈಸಿಕೊಂಡ ಮೇಲೆ, ನನ್ನ ಚಪ್ಪಲಿ ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಹುಡುಕತೊಡಗುತ್ತೇನೆ.