ಸವ್ಸನ್ ಚಾಚಿದ ಕೈ

ಮಾನ್ಯ ಪರೀಕ್ಷಾ ಸಮಿತಿಯ ಅಧ್ಯಕ್ಷರೇ,

ನಮಸ್ಕಾರ ಎಂದು ಬರೆದಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ. ನನ್ನ ಮೊಮ್ಮಗಳು ಸವ್ಸನ್‌ಗೆ ಆರು ವರ್ಷ. ಒಂದು ಬಟ್ಟಲು ಚಹಾ ಆರುವಷ್ಟರಲ್ಲಿ ನೀವು ಅವಳನ್ನು ಮಂದಬುದ್ಧಿಯವಳೆಂದು ತೀರ್ಮಾನಿಸಿದಿರಿ. ಶಾಲೆ ಶುರುವಾಗುವ ವಾರ ನಿಮ್ಮ ವ್ಯಾನು ಬಂದು ಅವಳನ್ನು ಕೆಳನಾಡಿನ ವಸತಿಶಾಲೆಗೆ, ಕಲಿಯಲಾರದ ಮಕ್ಕಳ ನಡುವೆ ಬಿಡಲು ಒಯ್ಯುತ್ತದಂತೆ. ಅಷ್ಟರೊಳಗೆ, ನಿಮ್ಮ ಪರೀಕ್ಷೆಯ ಕೋಣೆಯಲ್ಲಿದ್ದವರಲ್ಲಿ ನಿಜವಾಗಿ ಮಂದಬುದ್ಧಿ ಯಾರದೆಂದು ನಾಲ್ಕು ಜನಕ್ಕೆ ತಿಳಿಯಲಿ ಎಂದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾವು ವಾಖಿಗಳು, ತಾಜಿಕ್ ನಾಡಿನ ಬೆಟ್ಟಗಳಲ್ಲಿ ಅಫ್ಘಾನ್ ಗಡಿಯ ಪಂಜ್ ನದಿಯ ದಂಡೆಯವರು; ನಮ್ಮ ಮಾತಿನ ಹೆಸರೂ ವಾಖಿ. ನಮ್ಮಲ್ಲಿ ಇಬ್ಬರು ಎದುರಾದರೆ ಒಬ್ಬರ ಕೈಗೆ ಇನ್ನೊಬ್ಬರು ಮುತ್ತಿಡುತ್ತಾರೆ. ಅಜ್ಜನೂ ಮೊಮ್ಮಗನ ಕೈಗೆ ಮುತ್ತಿಡಬೇಕು, ಅದರಲ್ಲಿ ದೊಡ್ಡವರು ಚಿಕ್ಕವರು ಎಂಬುದಿಲ್ಲ. ಎರಡು ಕಡೆಯ ಮುತ್ತೂ ಮುಗಿಯುವ ಮುನ್ನ ಬಾಯಿ ತೆರೆಯುವವರು ಸಂಸ್ಕಾರವಿಲ್ಲದವರು ಎಂದು ಮಗುವಿಗೆ ನಾನೇ ಹೇಳಿಕೊಟ್ಟಿದ್ದೇನೆ. ಪರೀಕ್ಷೆಯ ದಿನ ಸವ್ಸನ್ ಒಳಗೆ ಬಂದವಳೇ ನಿಮ್ಮ ಕೈ ಹಿಡಿದು ಮುತ್ತಿಟ್ಟಳು. ನೀವು ಕೈ ಕಿತ್ತುಕೊಂಡು ಕರವಸ್ತ್ರದಲ್ಲಿ ಒರೆಸಿಕೊಂಡಿರಿ. ಮಗು ನಿಮ್ಮ ಪಾಲಿನ ಮುತ್ತಿಗಾಗಿ ತನ್ನ ಕೈ ಚಾಚಿ ನಿಂತಿತು. ನೀವು ಒಂದು ಹಸುವಿನ ಚಿತ್ರ ಎತ್ತಿ ಹಿಡಿದಿರಿ.

"ಇದೇನು? ಹೇಳು," ಎಂದಿರಿ, ತಾಜಿಕ್ ಭಾಷೆಯಲ್ಲಿ.

"ಅವ್ಳಿಗೆ ತಾಜಿಕ್ ಬರಲ್ಲ ಸಾಹೇಬ್ರೆ, ಇನ್ನೂ ಶಾಲೆ ಮೆಟ್ಲೇ ಹತ್ತಿಲ್ಲ. ನಮ್ ಭಾಷೇಲಿ ನಾನ್ ಕೇಳ್ತೀನಿ ಬಿಡಿ," ಎಂದೆ.

"ಸುಮ್ನೆ ಕೂತ್ಕೊಳಜ್ಜಿ. ನಿಮ್ದೂ ನಮ್ ಭಾಷೆನೇ, ಬೆಟ್ಟದ ಮೇಲೆ ಸ್ವಲ್ಪ ಒರಟಾಗಿದೆ ಅಷ್ಟೆ. ಬಿಡಿಸಿ ಬಿಡಿಸಿ ಹೇಳಿದ್ರೆ ಅರ್ಥ ಆಗ್ಲೇಬೇಕು."

"ಹಂಗಾದ್ರೆ ನಾನೂ ಬಿಡಿಸಿ ಬಿಡಿಸಿ ಒಂದ್ ಮಾತು ಹೇಳ್ಲಾ?" ಎಂದು ವಾಖಿಯಲ್ಲಿ ಹೇಳಿಯೂ ಬಿಟ್ಟೆ. ಅರ್ಥವಾದವರಂತೆ ನೀವು ತಲೆದೂಗಿದಿರಿ. ನಮ್ಮನ್ನು ಕರೆತಂದ ನಮ್ಮೂರ ಡ್ರೈವರ್ ಕುರ್ಬೊನ್‌ಶೊ ಬಾಗಿಲಲ್ಲಿದ್ದವನು ನಗು ಮುಚ್ಚಲು ಕೆಮ್ಮುತ್ತ ಹೊರಗೋಡಿದ. ನಾನು ಹೇಳಿದ್ದನ್ನು ಇಲ್ಲಿ ಅನುವಾದಿಸುವುದಿಲ್ಲ. ನಿಮ್ಮನ್ನೂ ಒಂದು ಕತ್ತೆಯನ್ನೂ ಕುರಿತ ಮಾತು ಅದು.

ಆಮೇಲೆ ನೀವು ಗುಮಾಸ್ತನಿಂದ ಬರೆಸಿದ್ದು ಹೀಗೆ: ಮಾತು ಬಂದಿಲ್ಲ, ಸೂಚನೆ ತಿಳಿಯುವುದಿಲ್ಲ, ಕಾರಣವಿಲ್ಲದೆ ಕೈ ಚಾಚುವ ಚಟವಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ನೆಲವನ್ನು ಬೈದಳು, ನೀವು ಒಂದು ಕೂಸಿನ ತಲೆಯನ್ನೇ ಡೊಂಕು ಎಂದಿರಿ.

ಅಧ್ಯಕ್ಷರೇ, ನಿಮ್ಮ ಭಾಷೆಯೂ ನಮ್ಮದೂ ಬಂಧುಗಳೇ, ನಿಜ. ಆದರೆ ಎಷ್ಟೋ ತಲೆಮಾರುಗಳ ಹಿಂದೆಯೇ ಬೇರೆ ಒಲೆ ಹೂಡಿದ ಬಂಧುಗಳು. ದಾಯಾದಿಯನ್ನು ತೋರಿಸಿ ಇವನು ನನ್ನ ಮಗ, ಸ್ವಲ್ಪ ಒರಟ ಎನ್ನುವವನನ್ನು ಜನ ಏನೆಂದಾರು? ನದಿಯಾಚೆಯ ಅಫ್ಘಾನ್ ದಡದಿಂದ ಕುರಿಗಾಹಿಯೊಬ್ಬ ವಾಖಿಯಲ್ಲಿ ಕೂಗಿದರೆ ನಮ್ಮ ಸವ್ಸನ್ ಉತ್ತರ ಕೂಗುತ್ತಾಳೆ. ನೀವು ಅವಳ ಕಿವಿಯ ಪಕ್ಕ ಕೂತು ಹೇಳಿದರೂ ಅವಳಿಗೆ ತಿಳಿಯದು. ತಪ್ಪು ಅವಳದಲ್ಲ. ಪುಸ್ತಕವಿಲ್ಲದ ಮಾತಿಗೆ ವ್ಯಾಕರಣ ಎಲ್ಲಿಂದ ಬಂತು ಎಂದು ಅದೇ ಕೋಣೆಯಲ್ಲಿ ನೀವು ನಕ್ಕಿರಿ. ಲೋಕದಲ್ಲಿ ಏಳು ಸಾವಿರದಷ್ಟು ಭಾಷೆಗಳಿವೆ ಎನ್ನುತ್ತಾರೆ, ಬಹುಪಾಲು ಅಕ್ಷರದ ಹಂಗಿಲ್ಲದೆಯೇ ಬೆಳೆದವು. ವ್ಯಾಕರಣವಿಲ್ಲದೆ ಮಾತಾಡುವ ಜನ ಇದುವರೆಗೆ ಎಲ್ಲೂ ಸಿಕ್ಕಿಲ್ಲ. ಕಿವುಡರ ಕೈಸನ್ನೆಯ ಭಾಷೆಗೂ ವ್ಯಾಕರಣವಿದೆ, ಅದೂ ಎಲ್ಲ ಕಡೆ ಒಂದೇ ಅಲ್ಲ, ಒಂದೊಂದು ನಾಡಿಗೆ ಒಂದೊಂದು. ಕೈ ಕೂಡ ಮಾತಾಡುತ್ತದೆ ಎಂಬುದು ನಿಮಗೆ ಯಾವ ಪದವಿಯಲ್ಲೂ ಹೇಳಿಕೊಡಲಿಲ್ಲವೇ?

ಹೊರಡುವಾಗ ಒಂದು ಉಪದೇಶವನ್ನೂ ಕೊಟ್ಟಿರಿ. "ಮನೇಲಿ ಆ ಮಾತು ನಿಲ್ಸಿ. ಎರಡ್ಮೂರು ಭಾಷೆ ಕಿವಿಗೆ ಬಿದ್ರೆ ಮಕ್ಕಳ ತಲೆ ಕಲಸಿ ಹೋಗುತ್ತೆ." ನಾನು ತಾಯಿಯ ಹತ್ತಿರ ವಾಖಿ ಆಡಿದೆ, ಅತ್ತೆಯ ಹತ್ತಿರ ಪಕ್ಕದ ಕಣಿವೆಯ ಶುಗ್ನಿ. ಪ್ರಾರ್ಥನೆ, ಪದ್ಯ ಎಲ್ಲ ತಾಜಿಕ್‌ನಲ್ಲಿ, ಶಾಲೆಯಲ್ಲಿ ಬೈಸಿಕೊಂಡದ್ದು ರಷ್ಯನ್ನಿನಲ್ಲಿ. ಇಷ್ಟರಲ್ಲಿ ಯಾವುದು ಯಾವುದರ ಜತೆ ಕಲಸಿದೆಯೋ ಹುಡುಕಿ ಕೊಡಿ, ನೋಡೋಣ. ಈ ಭೂಮಿಯ ಮೇಲೆ ಒಂದಕ್ಕಿಂತ ಹೆಚ್ಚು ಭಾಷೆ ಆಡಿಕೊಂಡು ನೆಟ್ಟಗೆ ಬದುಕುವವರು ಕೋಟಿ ಕೋಟಿ. ನಿಮ್ಮಂತೆ ಒಂದನ್ನೇ ಹಿಡಿದು ಕೂತವರು ಉಳಿದವರ ತಲೆ ಪರೀಕ್ಷಿಸಲು ಹೊರಡುವುದೇ ಸೋಜಿಗ.

ಇಷ್ಟೇ ಆಗಿದ್ದರೆ ನಿಮ್ಮ ಅಜ್ಞಾನವನ್ನು ನಿಮಗೇ ಬಿಟ್ಟು ಸುಮ್ಮನಿರುತ್ತಿದ್ದೆ. ನಿನ್ನೆ ನೆರೆಮನೆಯ ಮುದುಕಿ ಬಂದಾಗ ಸವ್ಸನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಆ ಮುದುಕಿ ಕೈ ಚಾಚಿ ಚಾಚಿ ಸಾಕಾಗಿ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನಾನು ಉಪ್ಪು ಚಹಾಕ್ಕೆ ರೊಟ್ಟಿ ಮುರಿದು ಹಾಕುತ್ತಿದ್ದಾಗ ಮಗು ನನ್ನ ಪಕ್ಕ ಬಂದು ಕೂತಿತು.

"ಅಜ್ಜಿ, ನಮ್ ಮಾತು ಮಾತೇ ಅಲ್ವಂತೆ, ಹೌದಾ?"

"ಯಾರೇ ಹೇಳಿದ್ದು ನಿಂಗೆ?"

"ಆ ಸಾಹೇಬ್ರು ಹಂಗಂದ್ರಂತೆ, ಕುರ್ಬೊನ್‌ಶೊ ಮಾಮ ಹೇಳ್ದ. ನನ್ ಕೈ ಗಲೀಜಾಗಿತ್ತಾ ಅಜ್ಜಿ? ತೊಳ್ಕೊಂಡೇ ಹೋಗಿದ್ನಲ್ಲ."

ನಿನ್ನ ಕೈ ಗಲೀಜಲ್ಲ ಎಂದೆ. ನನಗೆ ಬರುವ ನಾಲ್ಕು ಭಾಷೆಯಲ್ಲೂ ಹೇಳಿದೆ, ಕೈ ಬೆನ್ನ ಹಿಂದಿನಿಂದ ಮುಂದೆ ಬರಲಿಲ್ಲ. ನನಗೆ ಅಳು ಬಂತು, ಅದನ್ನೂ ಬರೆದೇ ಬಿಡುತ್ತೇನೆ.

ಇನ್ನು ನನ್ನ ಬೇಡಿಕೆ. ಆ ತೀರ್ಪನ್ನು ರದ್ದು ಮಾಡಿ, ವ್ಯಾನು ಕಳಿಸಬೇಡಿ. ವಾಖಿ ಬಲ್ಲವರೊಬ್ಬರನ್ನು ಕೂರಿಸಿಕೊಂಡು, ನಮ್ಮ ಮನೆಯಲ್ಲೇ, ಅವಳ ತಾಯಿಯ ಎದುರಿಗೆ ಮತ್ತೆ ಪರೀಕ್ಷೆ ಮಾಡಿ. ಹಸುವಿನ ಚಿತ್ರ ತರುವ ಶ್ರಮ ಬೇಡ, ಕೊಟ್ಟಿಗೆಯಲ್ಲಿ ಹಸುವೇ ಇದೆ, ಅದರ ಹೆಸರು, ಅದರ ತಾಯಿಯ ಹೆಸರು, ಕರು ಹಾಕಿದ ಕತೆ ಎಲ್ಲ ಅವಳೇ ಹೇಳುತ್ತಾಳೆ. ಆದರೆ ಒಂದು ಮಾತು. ಹೊಸ್ತಿಲು ದಾಟಿದ ಕೂಡಲೇ ಪ್ರಶ್ನೆ ಕೇಳಬೇಡಿ. ಮೊದಲು ಬಗ್ಗಿ ನಿಮ್ಮ ಕೈ ಚಾಚಿ, ಅವಳು ಬೆನ್ನ ಹಿಂದಿನ ಕೈ ಮುಂದೆ ತರುವ ತನಕ ಚಾಚಿಕೊಂಡೇ ನಿಂತಿರಿ. ತಡವಾಗಬಹುದು. ಹಾಗೆ ಕೈ ಚಾಚಿ ನಿಂತದ್ದಕ್ಕೆ ನಿಮಗೆ ಮಂದಬುದ್ಧಿ ಎಂದು ನಮ್ಮ ಮನೆಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.

ಇಂತಿ,
ಆ ದಿನದವರೆಗೆ ನಮಸ್ಕಾರವನ್ನು ತಡೆಹಿಡಿದಿರುವ,
ನಿಮ್ಮ ಪ್ರಕಾರ ಭಾಷೆಯೇ ಇಲ್ಲದ,
ನಿಸೊಬೆಗಿಮ್, ಸವ್ಸನ್‌ಳ ಅಜ್ಜಿ