ಚನ್ನಾಜಮ್ಮನವರ ಭಟ್ಟಿಯ ಹೊಗೆ

ನಂಜನಗೂಡು,
21 ಸೆಪ್ಟೆಂಬರ್ 1999, ಮಂಗಳವಾರ

ಪ್ರೀತಿಯ ಅತ್ತೆಯವರಿಗೆ ರೋಜಾ ಮಾಡುವ ನಮಸ್ಕಾರ.

ಆರೋಗ್ಯ ಹೇಗಿದೆ? ಉಬ್ಬಸ ಹಿಡಿತಕ್ಕೆ ಬಂದಿದೆ, ಈಗ ಗೋಡೆಗೆ ಒರಗಿ ಕೂರದೆ ಮಲಗಿಯೇ ನಿದ್ದೆ ಮಾಡುತ್ತಿದ್ದೀರಿ ಎಂದು ಕವನ ಬರೆದಿದ್ದಳು. ಓದಿ ಸಮಾಧಾನವಾಯಿತು. ಆದರೆ ಗುಳಿಗೆ ಬಿಟ್ಟುಬಿಟ್ಟಿದ್ದೀರಂತೆ. ನರಸೀಪುರದಲ್ಲಿ ಹೊಳೆಯ ಗಾಳಿ ಚೆನ್ನಾಗಿದೆ, ಮಗಳ ಮನೆಯ ಊಟ ಒಗ್ಗಿದೆ ಎಂದು ಗುಳಿಗೆ ಬಿಡುವುದು ಸರಿಯಲ್ಲ. ಡಾಕ್ಟರು ಮೂರು ತಿಂಗಳು ಎಂದಿದ್ದಾರೆ, ಮೂರು ತಿಂಗಳೂ ನುಂಗಬೇಕು. ಇಲ್ಲಿ ನಿಮ್ಮ ಮಗ ಚೆನ್ನಾಗಿದ್ದಾರೆ. ಈ ತಿಂಗಳೆಲ್ಲ ತಾಂಡ್ಯದ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ನನ್ನ ಹೊಲಿಗೆ ಮಿಷನ್ನಿಗೂ ಬಿಡುವಿಲ್ಲ, ಹಬ್ಬದ ರವಿಕೆಗಳು ರಾಶಿ ಬಿದ್ದಿವೆ.

ಈಗ ಸುದ್ದಿಗೆ ಬರುತ್ತೇನೆ. ಪಕ್ಕದ ಮನೆ ಚನ್ನಾಜಮ್ಮನವರ ಕಡಲೆಪುರಿ ಭಟ್ಟಿಯ ಹೊಗೆ ನಿಂತಿತು. ಭಟ್ಟಿ ನಿಂತಿಲ್ಲ, ಹೊಗೆ ನಿಂತಿದೆ. ಈ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದಾರೆ. ಅವು ನರಸೀಪುರದ ಬಸ್ಸು ಹತ್ತುವ ಮೊದಲು ನಡೆದದ್ದನ್ನು ನಾನೇ ಹೇಳಿಬಿಡುತ್ತೇನೆ.

ಜುಲೈನಲ್ಲಿ ನೀವು ಹೊರಟ ಮಾರನೆಯ ಬೆಳಿಗ್ಗೆಯೇ ನಾನು ಚನ್ನಾಜಮ್ಮನವರ ಹಿತ್ತಿಲ ಗೇಟಿನ ಮುಂದೆ ನಿಂತೆ. ಎಂದಿನಂತೆ ಐದು ಗಂಟೆಗೇ ಹಿತ್ತಿಲಲ್ಲಿ ಉರಿ ಹಾಕಿದ್ದರು. ಭಟ್ಟಿ ಕೆಲಸದ ಮಂಟೇಸ್ವಾಮಿ ಒಲೆಯ ಬಾಯಿಗೆ ಹಸಿ ಸೌದೆ ತುರುಕಿ, ಅದು ಹತ್ತಲಿ ಎಂದು ಟೈರಿನ ಚೂರು ಎಸೆಯುತ್ತಿದ್ದ. ಆ ಕಪ್ಪು ಹೊಗೆ ನಮ್ಮ ಅಡುಗೆಮನೆಯ ಕಿಟಕಿಯ ಮಟ್ಟಕ್ಕೇ ಬಂದು ಒಳಗೆ ನುಗ್ಗುತ್ತಿತ್ತು. ಅದನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ನಮ್ಮ ಅತ್ತೆ ಮನೆ ಬಿಟ್ಟು ಹೋಗುವ ಹಾಗಾಯಿತು ಎಂದೆ. ಚನ್ನಾಜಮ್ಮ ಬಾಣಲೆಯ ಮರಳಿನಿಂದ ಕಣ್ಣು ಕೀಳಲಿಲ್ಲ. "ಬಟ್ಟಿ ಹಾಕಿ ಇಪ್ಪತ್ತೊರ್ಸ ಆಯ್ತು ಕಣವ್ವ. ನೀವ್ ಮನೆ ಕಟ್ಟಿದ್ದು ಓದ್ ವರ್ಸ. ನೋಡ್ಕಂಡು ಕಟ್ಬೇಕಿತ್ತು" ಎಂದರು.

ಪುರಸಭೆಗೆ ಅರ್ಜಿ ಕೊಡುತ್ತೇನೆ ಎಂದಾಗ ನಿಮ್ಮ ಮಗ ಊಟದ ತಟ್ಟೆ ಹಾಗೇ ಬಿಟ್ಟರು. "ಈ ಬೀದೀಲಿ ನಮ್ಮ ಜನದೋರು ಅಂತ ಇರಾದು ನಾವೊಂದೇ ಮನೆ. ಸುಮ್ನಿರು ರೋಜಾ" ಎಂದರು. ಅವರ ಭಯ ನನಗೆ ಅರ್ಥವಾಗದೇ ಇಲ್ಲ. ಆದರೆ ಒಂದೇ ಮನೆ ಎಂದು ಅರ್ಧ ಉಸಿರು ಎಳೆದುಕೊಂಡು ಬದುಕಲು ಆಗುತ್ತದೆಯೇ? ಎಸ್ಸೆಸ್ಸೆಲ್ಸಿ ಓದಿದ್ದು ಸಾರ್ಥಕವಾಗಲಿ ಎಂದು ನಾನೇ ಕೂತು ಎರಡು ಪುಟ ಬರೆದೆ, ನಾನೇ ಹೋಗಿ ಕೊಟ್ಟೆ, ಸೀಲು ಹಾಕಿಸಿಕೊಂಡು ಬಂದೆ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಮೂಲೆ ಅಂಗಡಿಯ ಗಂಗಾಧರಸ್ವಾಮಿ ಸಕ್ಕರೆ ಕಟ್ಟುತ್ತಾ, "ಸೈಟ್ ಸಿಕ್ತು ಅಂತ ಬೀದೀನೇ ನಿಮ್ದಾಯ್ತಾ?" ಎಂದ. "ಬೀದಿ ನಮ್ದಲ್ಲ ಸ್ವಾಮಿ, ನಮ್ಮತ್ತೆ ಉಸಿರು ನಮ್ದು" ಎಂದೆ. ಅಂದಿನಿಂದ ಸಕ್ಕರೆ ತರಲು ಪೇಟೆಯವರೆಗೆ ನಡೆಯುತ್ತಿದ್ದೇನೆ. ನಡೆದರೆ ಕಾಲೇನೂ ಸವೆಯುವುದಿಲ್ಲ.

ಆಗಸ್ಟ್ ಕೊನೆಗೆ ತಪಾಸಣೆಗೆ ಆಫೀಸಿನವರು ಬಂದರು. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಭಟ್ಟಿ ಉರಿಯುತ್ತಿದೆ, ಹೊಗೆಯೇ ಇಲ್ಲ. ಯಾರೋ ಮೊದಲೇ ಸುದ್ದಿ ಮುಟ್ಟಿಸಿದ್ದರು. ಒಣಗಿ ಬಿರುಕು ಬಿಟ್ಟ ಹುಣಸೆ ಸೌದೆ ಸಾಲಾಗಿ ಜೋಡಿಸಿತ್ತು, ಟೈರು ಮಾಯವಾಗಿತ್ತು. ಬಂದವರು ತಲೆ ಎತ್ತಿ ಆಕಾಶ ನೋಡಿದರು, ನನ್ನನ್ನು ನೋಡಿದರು. "ಎಲ್ಲಮ್ಮಾ ಹೊಗೆ?" ಎಂದು ಕೇಳಿ, ದೂರಿನಲ್ಲಿ ಹುರುಳಿಲ್ಲ ಎಂದು ಬರೆದುಕೊಂಡು ಹೋದರು. ಬಾಗಿಲಲ್ಲಿ ನಿಂತಿದ್ದವರು ನಕ್ಕರು. ನಾನು ಒಳಗೆ ಬಂದು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಾನು ಅಳುವವಳಲ್ಲ ಎಂದು ನಿಮಗೆ ಗೊತ್ತು, ಆದರೂ ಅತ್ತೆ.

ಮಧ್ಯಾಹ್ನ ಬಟ್ಟೆ ತರಲು ಹಿತ್ತಿಲಿಗೆ ಹೋದೆ. ನಿಮ್ಮ ಮಗನ ಬಿಳಿ ಬನಿಯನ್ ತಂತಿಯ ಮೇಲೆ ಒಗೆದ ಹಾಗೇ ಬೆಳ್ಳಗಿತ್ತು, ಮಸಿಯ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲಿಯೇ ನಿಂತುಬಿಟ್ಟೆ. ಹೊಗೆಯಿಲ್ಲದೆ ಪುರಿ ಹುರಿಯಲು ಆಗುತ್ತದೆ ಎಂದು ಚನ್ನಾಜಮ್ಮ ತಾವೇ ಊರಿಗೆ ತೋರಿಸಿದ್ದರು. ನಾನು ಸೋತದ್ದರಲ್ಲೇ ನನ್ನ ಮಾತು ಗೆದ್ದಿತ್ತು.

ಸಂಜೆ ಮತ್ತೆ ಅವರ ಮನೆಗೆ ಹೋದೆ. "ಬಟ್ಟಿ ಮುಚ್ಸಕ್ ಬಂದೋಳು ಇನ್ನೇನ್ ಕೇಳಕ್ ಬಂದೆ?" ಎಂದರು. "ಮುಚ್ಚೋದು ಬ್ಯಾಡ ಕಣಮ್ಮ. ಇವತ್ ಉರಿಸ್ದಂಗೇ ದಿನಾ ಉರ್ಸಿ, ನಾನು ನಿಮ್ಮನೆ ಕಡೆ ತಿರುಗೂ ನೋಡಲ್ಲ" ಎಂದೆ. ಅವರು ಮೊರದಲ್ಲಿದ್ದ ಪುರಿಯನ್ನು ಕೇರಿ ಮುಗಿಸಿದರು. ಆಮೇಲೆ ಮೊರ ಪಕ್ಕಕ್ಕಿಟ್ಟು, "ಅದು ಮೊಮ್ಮಗಳು ಅರ್ಪಿತನ್ ಮದ್ವೆ ಅಡಿಗೇಗೆ ಅಂತ ಎತ್ತಿಟ್ಟಿದ್ ಸೌದೆ ಕಣವ್ವ. ನಿನ್ ಬಾಯ್ ಮುಚ್ಸಕ್ಕೆ ಒಂದೇ ದಿನಕ್ಕೆ ಕಾಲ್ ಭಾಗ ಸುಟ್ಬುಟ್ಟೆ" ಎಂದರು. ಮಳೆಗಾಲದಲ್ಲಿ ಒಣ ಸೌದೆ ಸಿಗುವುದಿಲ್ಲ, ಹಸಿಯದು ಹತ್ತುವುದಿಲ್ಲ, ಅದಕ್ಕೇ ಟೈರು. "ಆ ನಾತ ಕುಡಿಯಕ್ಕೆ ನಂಗೇನ್ ಆಸೆನಾ? ನಿಮ್ಮತ್ತೆ ಗೋಡೆ ಆಚೆ ಕೆಮ್ಮಿದ್ರು, ನಾನ್ ಈಚೆ ಕೆಮ್ಮಿದೆ" ಎಂದಾಗ ಅವರ ಕಣ್ಣನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ರೆಪ್ಪೆಯ ಕೂದಲು ಸುಟ್ಟು ಹೋಗಿತ್ತು, ಕಣ್ಣು ಕೆಂಪಗೆ ಸದಾ ನೀರಾಡುತ್ತಿತ್ತು.

ಆ ರಾತ್ರಿ ನಾನು ನಿಮ್ಮ ಮಗನ ಬೆನ್ನು ಹತ್ತಿದೆ. ಫ್ಯಾಕ್ಟರಿಗೆ ಮಾಲು ತುಂಬಿಕೊಂಡು ಬರುವ ಮರದ ಪೆಟ್ಟಿಗೆಗಳನ್ನು ಒಡೆದು ಹಲಗೆಯನ್ನು ಕೆಲಸದವರಿಗೆ ಅಗ್ಗಕ್ಕೆ ಕೊಡುತ್ತಾರಲ್ಲ, ಅದನ್ನು ಚನ್ನಾಜಮ್ಮನವರಿಗೆ ಕೊಡಿಸಿ ಎಂದೆ. ಒಣ ಹಲಗೆ, ಮೇಲ್ಛಾವಣಿಯ ಕೆಳಗೇ ಇಟ್ಟಿರುತ್ತಾರೆ. "ಜಗಳ ಆಡ್ದೋರ್ಗೇ ಸೌದೆ ಒದಗ್ಸೋದಾ?" ಎಂದರು. ಹೌದು ಎಂದೆ. ನಾಲ್ಕು ದಿನ ಮುಖ ಊದಿಸಿಕೊಂಡಿದ್ದು ಐದನೆಯ ದಿನ ಸೂಪರ್‌ವೈಸರನ್ನು ಕೇಳಿಯೇಬಿಟ್ಟರು. ಮೊದಲ ಟೆಂಪೋ ಬಂದು ನಿಂತಾಗ ಇವರೇ ಹಲಗೆ ಇಳಿಸಲು ಕೈ ಹಾಕಿದರು. ಇನ್ನು ಟೈರು ಭಟ್ಟಿಯ ಹತ್ತಿರ ಕಾಣಬಾರದು, ಹೊಗೆ ಪೈಪು ನಮ್ಮ ತಾರಸಿಗಿಂತ ಮೇಲೆ ಹೋಗಬೇಕು ಎಂದು ನಾನು ಹೇಳಿದೆ. "ಪೈಪು ಏರ್ಸದು ನನ್ಗೆ ಬುಡು" ಎಂದ ಚನ್ನಾಜಮ್ಮ ಅದೇ ವಾರ ಹತ್ತಡಿ ಏರಿಸಿದರು.

ಕಳೆದ ಶುಕ್ರವಾರ, ಹೊಗೆ ಇನ್ನೂ ಬರುತ್ತದೋ ಇಲ್ಲವೋ ನೋಡಬೇಕು ಎಂದು ಅವರು ನಮ್ಮ ಮನೆಗೆ ಬಂದರು. ಮನೆ ಕಟ್ಟಿದ ಮೇಲೆ ಹೊಸ್ತಿಲು ದಾಟಿದ್ದು ಇದೇ ಮೊದಲು. ಅಡುಗೆಮನೆಯ ಕಿಟಕಿಯಲ್ಲಿ ಮೂಗು ಇಟ್ಟು ಮೂಸಿ, ಹಜಾರಕ್ಕೆ ಬಂದು ಗೋಡೆಯ ಮೇಲಿನ ಬುದ್ಧನ ಪಟ ನೋಡಿದರು. ನಾನು ಕೊಟ್ಟ ನೀರಿನ ಚೊಂಬನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಪೂರ್ತಿ ಕುಡಿದು, "ಕಾಪಿ ಇದ್ರೆ ಒಂಚೂರ್ ಕೊಡವ್ವ" ಎಂದು ಕುರ್ಚಿ ಎಳೆದುಕೊಂಡರು. ಬೀದಿಯೆಲ್ಲ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಗಂಗಾಧರಸ್ವಾಮಿ ಇನ್ನೂ ಮುಖ ತಿರುಗಿಸುತ್ತಾನೆ. ಆದರೆ ನಮ್ಮ ಕಿಟಕಿ ಈಗ ಬೆಳಿಗ್ಗೆಯಿಂದ ತೆರೆದೇ ಇರುತ್ತದೆ.

ಕವನಳಿಗೂ ಅವಳ ಮನೆಯವರಿಗೂ ನೆನಪು ಹೇಳಿ. ಇಲ್ಲಿಂದಲೇ ನಿಮ್ಮ ಪಾದ ಮುಟ್ಟಿದ್ದೇನೆ. ಗುಳಿಗೆ ನುಂಗಿ ಆಶೀರ್ವಾದ ಮಾಡಿ.

ನಿಮ್ಮ ಸೊಸೆ,
ರೋಜಾ

ತಾ.ಕ.: ಇವರು ಶಿಫ್ಟಿಗೆ ಹೊರಟು ಕಾಗದ ಕೇಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಹೊಗೆ ತಾಳಲಾರದೆ ನೀವು ಹೋದಿರಿ ಎಂದು ಬೀದಿಗೆ ಹೇಳಿದೆ, ಅರ್ಜಿಯಲ್ಲೂ ಬರೆದೆ. ಅದು ಅರ್ಧ ನಿಜ. ಹೊರಡುವ ಹಿಂದಿನ ರಾತ್ರಿ ನೀವು ಕೆಮ್ಮುತ್ತಿದ್ದಾಗ "ಇವರ ಜೊತೆ ನಮ್ಗೂ ನಿದ್ದೆ ಇಲ್ಲ, ಮಗಳ ಮನೇಲಾದ್ರೂ ಇರಬಾರ್ದಾ" ಎಂದು ಗೊಣಗಿದವಳು ನಾನು. ನಿಮಗೆ ಕೇಳಿಸಿತ್ತು. ನೀವು ಎರಡು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡಿರಿ. ಇವತ್ತಿನವರೆಗೂ ನಿಮ್ಮ ಮಗನಿಗೆ ಹೇಳಿಲ್ಲ, ಕವನಳಿಗೂ ಹೇಳಿಲ್ಲ. ಹೊಗೆಗೆ ದಾರಿ ಕಂಡುಕೊಂಡೆ, ಆ ಮಾತಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ತಪ್ಪಾಯಿತು ಅತ್ತೆ. ಭಾನುವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ನನ್ನ ಜೊತೆ ಬರುವುದು ಬಿಡುವುದು ನಿಮ್ಮಿಷ್ಟ. ಆದರೆ ಇದನ್ನು ಎದುರಿಗೆ ನಿಂತು ಹೇಳದೆ ನಾನು ವಾಪಸ್ಸು ಬಸ್ಸು ಹತ್ತುವುದಿಲ್ಲ.