ತೊಂಬತ್ತೆಂಟು ಪಾಯಿಂಟ್ ನಾಲ್ಕು

ಮಾರ್ಚ್ 14, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದ ಬಂದು ಕೂತಿವೆ. ಮೊದಲನೆಯದಕ್ಕೆ ಉತ್ತರ ಬರೆಯುವಷ್ಟರಲ್ಲಿ ಎರಡನೆಯದು ಬಂತು, ಅದರ ಜೊತೆಗೆ ನಿನ್ನ ಕೋಪವೂ ಬಂತು. ಬೈಯುವುದು ನಿನ್ನ ಹಕ್ಕು, ಬೈಸಿಕೊಳ್ಳುವುದು ನನಗೆ ಹುಟ್ಟಿದಾಗಿನಿಂದ ರೂಢಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ಕಿವಿ ಇರುವುದು ಗೋಡೆಗಲ್ಲ, ದೊಡ್ಡವಳಿಗೆ. ಈಗ ಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದಾರೆ, ಇವರು ಬಸ್ಸಿನ ಡ್ಯೂಟಿಗೆ ಹೋಗಿದ್ದಾರೆ. ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ನಾಲ್ಕು ಕೀಮೋ ಮುಗಿದಿವೆ, ಎರಡು ಬಾಕಿ. ಊಟ ಸೇರುತ್ತದೆ, ಆದರೆ ಏನು ತಿಂದರೂ ನಾಣ್ಯ ನೆಕ್ಕಿದ ಹಾಗಿರುತ್ತದೆ. ಕೂದಲು ಪೂರ್ತಿ ಹೋಯಿತು. ಚಿಕ್ಕವಳಿಗೆ ಈಗ ಬೀದಿಯವರೆಲ್ಲ ಗುಂಡಮ್ಮ ಅನ್ನುತ್ತಾರೆ, ಅವಳು ಹಣ್ಣಿನಂಗಡಿಯವನಿಗೆ, "ನಮ್ಮಮ್ಮನ ತಲೆ ನನ್ನ ಮೊಣಕಾಲಿನ ಥರ ಆಗಿದೆ, ಮುಟ್ಟಿ ನೋಡ್ತೀರಾ?" ಅಂದಳು. ಕಿತ್ತಳೆ ತೂಗುತ್ತಿದ್ದವನು, ಪಾಪ, ತಕ್ಕಡಿಯನ್ನೇ ಮರೆತ. ಇವರ ತಲೆ ಹೇಗಿದೆಯೆಂದು ನಿನಗೇ ಗೊತ್ತು. "ಇನ್ಮೇಲೆ ಈ ಮನೇಲಿ ಬಾಚಣಿಗೆ ಇಬ್ಬರಿಗೇ ಸಾಕು," ಎಂದು ದಿನಕ್ಕೊಮ್ಮೆ ಹೇಳಿ ತಾವೇ ನಗುತ್ತಾರೆ.

ಪಂಪ್‌ಹೌಸ್‌ನವರು ಆರು ತಿಂಗಳು ರಜೆ ಕೊಟ್ಟಿದ್ದಾರೆ. ಹನ್ನೊಂದು ವರ್ಷ ಗಂಟೆಗೊಮ್ಮೆ ನೀರಿನ ಮೀಟರ್ ನೋಡಿ ರಿಜಿಸ್ಟರಿಗೆ ಬರೆದ ಕೈ ಮನೆಯಲ್ಲಿ ಸುಮ್ಮನಿರುತ್ತದೆಯೇ? ಕೀಮೋ ಆದ ಮೇಲೆ ರಕ್ತದಲ್ಲಿ ಬಿಳಿಕಣ ಇಳಿಯುತ್ತವೆ, ಆಗ ಮಕ್ಕಳ ನೆಗಡಿಯೂ ನಿಮಗೆ ಅಪಾಯ ಎಂದು ನರ್ಸಮ್ಮ ಹೇಳಿದ್ದರು. ಅವತ್ತೇ ಅಡುಗೆಮನೆ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ನಾಲ್ಕು ಕಾಲಂ, ನಾಲ್ಕು ಜನ. ದಿನಾ ಬೆಳಿಗ್ಗೆ ಎಲ್ಲರೂ ಥರ್ಮಾಮೀಟರ್ ಇಟ್ಟುಕೊಳ್ಳಬೇಕು. ಯಾರಿಗೆ ಜ್ವರವೋ ನೆಗಡಿಯೋ, ಅವರು ವಾಸಿಯಾಗುವವರೆಗೆ ಎದುರುಮನೆ ಟೀಚರ್ ಹತ್ತಿರ ಇರಬೇಕು. "ಬರ್ಲಿ ಬಿಡ್ರೀ, ಗೋಡೆ ಜೊತೆ ಮಾತಾಡಿ ಸಾಕಾಗಿದೆ," ಅಂದರು ಟೀಚರ್.

ಎರಡನೇ ಕೀಮೋ ಆದ ವಾರ ದೊಡ್ಡವಳಿಗೆ ನೆಗಡಿಯಾಯಿತು. ಐದು ದಿನ ಎದುರುಮನೆಯಲ್ಲಿದ್ದಳು. ಆ ಕಿಟಕಿಯಲ್ಲಿ ನಿಂತು ಕೈ ಬೀಸುತ್ತಿದ್ದಳು, ಅಳಲಿಲ್ಲ. ಎಂಟು ವರ್ಷದವಳಿಗೆ ಎಷ್ಟು ಗಟ್ಟಿ ಮನಸ್ಸು ಎಂದುಕೊಂಡೆ. ವಾಪಸ್ ಬಂದವಳು, "ಅಮ್ಮಾ, ಪಟ್ಟಿ ನಾನೇ ಬರೀತೀನಿ," ಅಂದಳು. ನನಗೆ ಹಿಗ್ಗೋ ಹಿಗ್ಗು. ಪೆನ್ಸಿಲ್ ಅವಳ ಕೈಗೆ ಕೊಟ್ಟೆ.

ನಾಲ್ಕನೇ ಕೀಮೋ ಆಗಿ ಹತ್ತನೇ ದಿನ ನನಗೆ ಚಳಿ ಶುರುವಾಯಿತು, ಮಧ್ಯಾಹ್ನಕ್ಕೆ ನೂರಾ ಎರಡು ಜ್ವರ. ಇವರು ಡ್ಯೂಟಿ ಬಿಟ್ಟು ಓಡಿ ಬಂದರು. ಎಂಟು ದಿನ ಆಸ್ಪತ್ರೆಯಲ್ಲಿದ್ದೆ. ನಿನಗೆ ತಿಳಿಸಬೇಡಿ ಎಂದವಳು ನಾನೇ, ಇವರನ್ನು ಬೈಯಬೇಡ. ನೀನು ಬಂದಿದ್ದರೆ ವಾರ್ಡಿನವರಿಗೆಲ್ಲ ಕೆಲಸ ಹೇಳಿಕೊಡುತ್ತಿದ್ದೆ.

ಮನೆಗೆ ಬಂದ ಮಾರನೇ ದಿನ ಇದೇ ಕುರ್ಚಿಯಲ್ಲಿ ಕೂತು ಪಟ್ಟಿ ನೋಡಿದೆ. ನನ್ನ ಅಂಕಿ ಏರಿಳಿದಿತ್ತು, ಇವರದೂ ಗುಂಡಮ್ಮನದೂ ಅಷ್ಟಿಷ್ಟು ಅಲ್ಲಾಡಿತ್ತು. ದೊಡ್ಡವಳ ಕಾಲಂನಲ್ಲಿ ಮಾತ್ರ, ನಾನು ಆಸ್ಪತ್ರೆ ಸೇರುವ ಮುಂಚಿನ ಹನ್ನೆರಡು ದಿನ ಒಂದೇ ಸಮ, 98.4. ಮುಳ್ಳು ಒಂದೇ ಕಡೆ ನಿಂತಿದ್ದರೆ ನೀರು ಸರಿಯಿದೆ ಅಂತಲ್ಲ, ಮೀಟರ್ ಕೆಟ್ಟಿದೆ ಅಂತ ಅರ್ಥ ಎಂದು ಹೊಸಬರಿಗೆ ಪಾಠ ಹೇಳುವವಳು ನಾನು, ಅಕ್ಕ. ನನ್ನ ಮಗಳ ಅಂಕಿ ನನ್ನ ಕಣ್ಣಿಗೆ ಬೀಳಲಿಲ್ಲ.

ಗುಂಡಮ್ಮನನ್ನು ಕೇಳಿದೆ. "ಅಕ್ಕ ಬಿಸಿಬಿಸಿ ಇದ್ಲು. ನನಗೆ ಚಳಿ ಆದಾಗ ತಬ್ಕೊಂಡು ಮಲಗ್ದೆ. ಚೆನ್ನಾಗಿತ್ತು," ಅಂದಳು.

ಆಮೇಲೆ ಒಂದೊಂದೇ ನೆನಪಾಯಿತು. ನನಗೆ ಜ್ವರ ಬರುವ ಹಿಂದಿನ ವಾರ ದಿನವೂ ಈರುಳ್ಳಿ ಸುಲಿಯಲು ಅವಳೇ ಮುಂದಾಗಿದ್ದಳು. ಮೂಗು ಸೋರುತ್ತಿತ್ತು, ಕಣ್ಣು ಕೆಂಪಗಿತ್ತು. ಇಂಥ ಮಗಳು ಯಾರಿಗುಂಟು ಎಂದು ಟೀಚರ್ ಹತ್ತಿರ ಹೊಗಳಿದ್ದೆ.

ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಯಾಕೆ ಕಂದಾ ಹೇಳ್ಲಿಲ್ಲ?"

"ಹೇಳಿದ್ರೆ ಆಚೆ ಕಳಿಸ್ತಿದ್ದೆ."

"ಐದು ದಿನ ತಾನೇ? ಎದುರುಮನೆ ತಾನೇ?"

"ಆ ಐದು ದಿನದಲ್ಲಿ ನಿನಗೇನಾದ್ರೂ ಆದ್ರೆ? ನಾನು ಕಿಟಕೀಲಿ ನೋಡ್ತಾ ನಿಂತಿರ್ಬೇಕಾ?"

ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳೇ ಮತ್ತೆ ಕೇಳಿದಳು, "ನಿನಗೆ ಜ್ವರ ಬಂದಿದ್ದು ನನ್ನಿಂದಾನಾ?"

"ಇಲ್ಲ ಕಣೇ. ಅದು ನನ್ನ ಮೈಯೊಳಗಿಂದಲೇ ಬಂದಿದ್ದು. ಡಾಕ್ಟರಮ್ಮನೇ ಹೇಳಿದ್ರು."

"ಪ್ರಾಮಿಸ್?"

"ಪ್ರಾಮಿಸ್."

ಆಮೇಲೆ ನನ್ನ ಕಂಕುಳಿಗೆ ಮುಖವಿಟ್ಟು ಅತ್ತಳು. ಇಷ್ಟು ದಿನ ಅಳದೆ ಇದ್ದದ್ದೆಲ್ಲ ಸೇರಿಸಿ ಅತ್ತಳು. ಗುಂಡಮ್ಮನಿಗೆ ಕಾರಣವೇ ಗೊತ್ತಿಲ್ಲ, ತಾನೂ ಒಂದು ಪಾಲು ಅತ್ತಳು.

ನಿಯಮ ಬದಲಾಯಿಸಿದ್ದೇನೆ. ಇನ್ನು ಯಾರನ್ನೂ ಆಚೆ ಕಳಿಸುವುದಿಲ್ಲ. ನೆಗಡಿಯಾದವರು ಹಾಲ್‌ನಲ್ಲಿ ಮಾಸ್ಕ್ ಹಾಕಿಕೊಂಡು ಮಲಗಬೇಕು, ನಾನು ಕೋಣೆಯ ಬಾಗಿಲು ತೆರೆದಿಟ್ಟು ಕಥೆ ಹೇಳಬೇಕು. ದೂರದಿಂದ ಹೇಳುವ ಕಥೆಗೆ ಕಿರುಚಬೇಕು, ಎದುರುಮನೆ ಟೀಚರ್‌ಗೂ ಕೇಳಿಸುತ್ತದೆ. ನಿನ್ನೆ ಬೀದಿ ದಾಟಿ ಬಂದು, "ಆ ನರಿ ಕೊನೆಗೇನಾಯ್ತು?" ಎಂದು ವಿಚಾರಿಸಿಕೊಂಡು ಹೋದರು.

ಭಾವನವರಿಗೆ ನಮಸ್ಕಾರ ತಿಳಿಸು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ನಿನ್ನ ಮಕ್ಕಳು ಎಲ್ಲಿದ್ದರೂ ತಣ್ಣಗಿರಲಿ. ನನ್ನ ತಲೆಯ ಮೇಲೆ ನಿನ್ನ ಕೈಯಿರಲಿ; ಈಗಂತೂ ಅಲ್ಲಿ ಕೈಯಿಡಲು ಬೇಕಾದಷ್ಟು ಜಾಗವಿದೆ.

ನಿನ್ನ ತಂಗಿ

ತಾ.ಕ.: ಡಾಕ್ಟರಮ್ಮ ಹಾಗೆ ಹೇಳಲಿಲ್ಲ, ಅಕ್ಕ. "ಮನೇಲಿ ಯಾರಿಗಾದ್ರೂ ಫ್ಲೂ ಇತ್ತಾ?" ಎಂದು ಕೇಳಿದರು. ಪರೀಕ್ಷೆಯಲ್ಲಿ ಅದೇ ಬಂದಿತ್ತು. ಐದನೇ ಕೀಮೋ ಮೂರು ವಾರ ಮುಂದೆ ಹೋಗಿದೆ. ಆ ಮೂರು ವಾರದಲ್ಲಿ ಗಡ್ಡೆ ಏನು ಮಾಡುತ್ತದೋ ಈಗಲೇ ಹೇಳಲಾಗದು ಅಂದರು. ಏನೂ ಆಗದೆಯೂ ಇರಬಹುದು. ಆದರೆ ನಾನಿಲ್ಲದೆ ಹೋದರೆ ದೊಡ್ಡವಳು ಒಂದು ದಿನ ನಿನ್ನ ಹತ್ತಿರ ಬಂದೇ ಬರುತ್ತಾಳೆ. ನನ್ನನ್ನು ಕೇಳಿದ್ದನ್ನೇ ನಿನ್ನನ್ನೂ ಕೇಳುತ್ತಾಳೆ. ಒಳಗಿಂದಲೇ ಬಂದ ಜ್ವರ ಎಂದು ಹೇಳು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಮೂಗು ಕೆಂಪಾಗುತ್ತದೆ. ಅವಳು ಮಾತು ಕೇಳುವುದಿಲ್ಲ, ಮುಖ ನೋಡುತ್ತಾಳೆ. ಈಗಿನಿಂದಲೇ ಅಭ್ಯಾಸ ಮಾಡಿಕೊ.